ಕೈ ಕಾಣುವ ಸೀಟು

ಅನುಮಾನ ಪಡುವುದೇ ವೆಲಿಂಕಾಳ ಹೊಟ್ಟೆಪಾಡಾಗಿತ್ತು. ತಿಸಾ ನದಿಯ ಈಚೆ ದಂಡೆಯ ನಮ್ಮ ಊರಿನ ಸಹಕಾರ ಸಂಘದಲ್ಲಿ ಅವಳು ತೂಕದ ಕಾಟಾ ನೋಡಿಕೊಳ್ಳುತ್ತಿದ್ದಳು. ಮೆಕ್ಕೆಜೋಳ, ಗೋಧಿ, ಬೀಟ್‌ಗೆಡ್ಡೆ, ಏನೇ ಬರಲಿ, ಟ್ರ್ಯಾಕ್ಟರು ಅವಳ ಕಿಟಕಿಯ ಮುಂದೆ ನಿಂತು ತೂಗಿಸಿಕೊಂಡೇ ಮುಂದೆ ಹೋಗಬೇಕು. ಒಣಜೋಳದ ಅಡಿಯಲ್ಲಿ ಒದ್ದೆಜೋಳ ಹುದುಗಿಸಿ ತಂದವರನ್ನು ಅವಳು ಕಂಡಿದ್ದಳು. ಕಾಟಾದ ಹಲಗೆಯ ಮೇಲೆ ಮೆಲ್ಲಗೆ ಒಂದು ಕಾಲೂರಿ, ಏನೂ ತಿಳಿಯದವರಂತೆ ಮೋಡ ನೋಡುತ್ತ ನಿಂತವರನ್ನೂ ಕಂಡಿದ್ದಳು. ಒಬ್ಬನಂತೂ ತನ್ನ ಮಾವನನ್ನೇ ಟ್ರೇಲರಿನ ಗೋಧಿಯ ಮೇಲೆ ಮಲಗಿಸಿ ಮೇಲೆ ತಾಡಪಾಲು ಹೊದಿಸಿ ತಂದಿದ್ದ. "ಮೊದ್ಲು ನಿಮ್ಮ ಮಾವನ್ನ ಇಳಿಸಪ್ಪಾ. ಅವ್ರನ್ನ ಸಂಘ ಕೊಳ್ಳಲ್ಲ" ಎಂದು ವೆಲಿಂಕಾ ಕಿಟಕಿಯಿಂದಲೇ ಕೂಗಿದ್ದು ಊರಿನಲ್ಲಿ ಇಂದಿಗೂ ಗಾದೆಯಂತೆ ಓಡಾಡುತ್ತದೆ.

ಇಂಥ ಹೆಂಗಸಿಗೆ ಐವತ್ತು ದಾಟಿದ ಮೇಲೆ, ಮಗಳ ಮದುವೆಯೂ ಮುಗಿದ ಮೇಲೆ, ವಿಮಾನ ನಡೆಸುವ ಆಸೆ ಹುಟ್ಟಿತು. ಸಂಘದ ಬೇಲಿ ದಾಟಿದರೆ ಹಾರಾಟದ ಕ್ಲಬ್ಬಿನ ಹುಲ್ಲುಬಯಲು. ಕ್ಲಬ್ಬಿನ ಹಳದಿ ವಿಮಾನ ದಿನಕ್ಕೆ ಎಷ್ಟೋ ಸಲ ಅವಳ ಕಾಟಾದ ಮೇಲೆ ನೆರಳು ಬೀಳಿಸಿಕೊಂಡು ಹೋಗುತ್ತಿತ್ತು. ಆ ಕ್ಲಬ್ಬಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಬೀಜದ ಸಾರು ಕುದಿಸುವವಳು ನಾನು. ಒಂದು ದಿನ ವೆಲಿಂಕಾ ಬಂದು ನನ್ನ ಎದುರು ಕುಳಿತಳು.

"ಇಷ್ಟು ವರ್ಷ ಭಾರ ನೋಡಿದ್ದಾಯ್ತು ಕಣೇ. ಇನ್ನು ಹಗುರ ಏನಾದ್ರೂ ನೋಡ್ಬೇಕು" ಎಂದಳು.

ಕಲಿಸುವವನು ಒಬ್ರಾದ್. ಅವನು ವೆಲಿಂಕಾಗೆ ಕುಮ್. ಎಂದರೆ ಅವಳ ಮದುವೆಗೆ ಸಾಕ್ಷಿಯಾಗಿ ನಿಂತವನು, ಅವಳ ಮಗಳಿಗೆ ಹೆಸರಿಟ್ಟವನು. ನಮ್ಮಲ್ಲಿ ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಪಾದ್ರಿಯ ಜೊತೆಗೂ ಆಡಬಹುದು, ಕುಮ್ ಜೊತೆ ಆಡುವ ಹಾಗಿಲ್ಲ. ಆಕಾಶದಲ್ಲಿ ದೇವರು, ಭೂಮಿಯ ಮೇಲೆ ಕುಮ್ ಎನ್ನುತ್ತಾರೆ. ನಮ್ಮ ಒಬ್ರಾದ್ ಎರಡೂ ಕಡೆ ಓಡಾಡುವವನು, ಅವನ ಮಾತಿಗೆ ಇನ್ನೂ ಒಂದು ತೂಕ ಹೆಚ್ಚು.

ಆ ವಿಮಾನದಲ್ಲಿ ಎರಡೇ ಸೀಟು, ಸೈಕಲ್ಲಿನಲ್ಲಿ ಡಬಲ್ಸ್ ಹೋದಂತೆ ಒಂದರ ಹಿಂದೆ ಒಂದು. ಕಲಿಯುವವರು ಮುಂದೆ, ಕಲಿಸುವವರು ಹಿಂದೆ. ಒಬ್ಬರೇ ಹಾರುವಾಗಲೂ ಮುಂದಿನ ಸೀಟೇ. ಇಬ್ಬರ ಮಂಡಿಗಳ ನಡುವೆಯೂ ಒಂದೊಂದು ಕೋಲು. ಅದನ್ನು ಹಿಂದಕ್ಕೆಳೆದರೆ ಮೂತಿ ಮೇಲೇಳುತ್ತದೆ, ಮುಂದಕ್ಕೆ ತಳ್ಳಿದರೆ ಬಾಗುತ್ತದೆ. ಎಡಬಲಕ್ಕೆ ತಿರುಗಿಸಲು ಕಾಲಡಿಯಲ್ಲಿ ಪೆಡಲು. ಎರಡೂ ಕೋಲುಗಳಿಗೆ ನೆಲದಡಿಯಲ್ಲಿ ತಂತಿಯ ನಂಟು. ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತದೆ. ಹಿಂದೆ ಕುಳಿತವರು ಏನು ಮಾಡುತ್ತಿದ್ದಾರೆ ಎಂಬುದು ಮುಂದೆ ಕುಳಿತವರಿಗೆ ಕಾಣುವುದಿಲ್ಲ.

ವಸಂತದಲ್ಲಿ ಕಲಿಯತೊಡಗಿದವಳು ಸೂರ್ಯಕಾಂತಿ ಅರಳುವ ಹೊತ್ತಿಗೆ ಹೂವು ಉದುರಿದಂತೆ ವಿಮಾನ ಇಳಿಸುತ್ತಿದ್ದಳು. ಒಂದು ಗುರುವಾರ ಒಬ್ರಾದ್ ಕೆಳಗಿಳಿದು, ಮೀಸೆ ತೀಡಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಭಾನುವಾರ ನಮ್ಮ ವೆಲಿಂಕಾ ಒಬ್ಬಳೇ ಹೋಗ್ತಾಳೆ!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ವೆಲಿಂಕಾ ಮಾತ್ರ ನಗಲಿಲ್ಲ. ತೂಕದ ಮುಳ್ಳು ನೋಡುವಂತೆ ಅವನ ಬಲಗೈಯನ್ನೇ ನೋಡುತ್ತ ನಿಂತಳು.

ಮನೆಯಲ್ಲಿ ಗಂಡ ನೆಗೊವಾನ್ ಉರಿಗೆ ಎಣ್ಣೆ ಸುರಿದ. ಊರಿನ ಕ್ಷೌರಿಕ ಅವನು, ಬಾಯಿ ಕತ್ತರಿಗಿಂತ ಚುರುಕು.

"ಹಿಂದೆ ಕೂತು ಹಾರಿಸೋನು ಕುಮ್. ಮುಂದೆ ಕೂತು ಗಾಳಿ ತಗೊಳ್ಳೋಳು ನೀನು. ಟ್ಯಾಕ್ಸೀಲಿ ಕೂರೋಕೆ ಇಷ್ಟು ತಿಂಗ್ಳು ತರಬೇತಿ ಬೇಕಾಯ್ತಾ?"

"ನಿನ್ನ ಬಾಯಿಗೆ ಸೋಪು ಹಾಕ" ಎಂದಳು. ಆದರೆ ಅವನ ಮಾತು ಅವಳೊಳಗೆ ಆಗಲೇ ಇದ್ದ ಮುಳ್ಳಿಗೇ ಹೋಗಿ ತಾಗಿತ್ತು. ಮರುದಿನ ನನ್ನ ಬಳಿ ಬಿಡಿಸಿ ಹೇಳಿದಳು.

"ನೋಡು, ಕಾಟಾ ಮೇಲೆ ಯಾರ ಮಾಲೂ ತಾನಾಗಿ ಅಷ್ಟು ಸರಿಯಾಗಿ ತೂಗಲ್ಲ. ಸರಿಯಾಗಿ ತೂಗ್ತು ಅಂದ್ರೆ ಎಲ್ಲೋ ಒಂದು ಕಾಲು ಊರಿದೆ ಅಂತ. ನನ್ನ ಇಳಿಕೇನೂ ಹಂಗೇ. ಇಷ್ಟು ನಯ ನನ್ನ ಕೈಗೆ ಎಲ್ಲಿಂದ ಬಂತು? ನಾನು ಎಳೆಯೋ ಮುಂಚೇನೇ ಕೋಲು ಒಂಚೂರು ಹಿಂದಕ್ಕೆ ಬರುತ್ತೆ ಕಣೇ."

"ಕುಮ್ ಮೇಲೆ ಅನುಮಾನ ಪಡ್ತೀಯಾ? ಪಾಪ ಸುತ್ಕೊಳ್ಳುತ್ತೆ."

"ಪಾಪ ಆಮೇಲೆ ನೋಡೋಣ. ಭಾನುವಾರ ಹಿಂದಿನ ಸೀಟಲ್ಲಿ ಯಾರೂ ಇರಲ್ಲ. ಇಷ್ಟು ದಿನ ಇಳಿಸಿದ್ದು ಅವ್ರ ಕೈಯಾಗಿದ್ರೆ, ಅವತ್ತು ಕೆಳಕ್ಕೆ ಬರೋದು ನನ್ನ ಹೆಣ."



ಅಂದೇ ಮೊದಲ ಪರೀಕ್ಷೆ ಮಾಡಿದಳು. ನೆಲ ಹತ್ತಿರವಾದಾಗ ಕೋಲನ್ನು ಎಳೆಯದೆ ಸುಮ್ಮನೆ ಕುಳಿತಳು. ವಿಮಾನದ ಮೂತಿ ತಾನಾಗಿ ಎದ್ದಿತು, ಚಕ್ರ ಹುಲ್ಲನ್ನು ಸವರಿ ನಿಂತಿತು.

"ನಾನು ಎಳೀಲೇ ಇಲ್ಲ, ಕುಮ್."

"ಗೊತ್ತಾಯ್ತು! ನೀನು ನಿದ್ದೆ ಹೊಡೆದ್ರೆ ನಾನೂ ಸಾಯ್ಬೇಕಾ?" ಎಂದು ಒಬ್ರಾದ್ ಕೆಂಪಾದ.

ಆ ಮಾತಿನಲ್ಲಿ ನ್ಯಾಯವಿತ್ತು. ಪರೀಕ್ಷೆಯಿಂದ ಏನೂ ಸಾಬೀತಾಗಲಿಲ್ಲ. ಮಧ್ಯಾಹ್ನ ಅವಳು ನನ್ನ ಪಾತ್ರೆಯ ತಳದ ಮಸಿ ಕೆರೆದುಕೊಂಡು ಹೋದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಹಿಂದಿನ ಕೋಲಿನ ಹಿಡಿಕೆಗೆ ತೆಳ್ಳಗೆ ಸವರಿ, ಈ ಸಲ ಎಂದಿನಂತೆ ತಾನೇ ಎಳೆದು ಇಳಿಸಿದಳಂತೆ. ಒಬ್ರಾದ್ ಇಳಿದು ಬಂದು ಅಭ್ಯಾಸದಂತೆ ಮೀಸೆ ತೀಡಿದ. ಒಂದು ಕಡೆಯ ನರೆಮೀಸೆ ಹರೆಯದ ಹುಡುಗನದಂತೆ ಕಪ್ಪಾಯಿತು! ಬೆಂಚಿನ ಮೇಲೆ ಕುಳಿತವರೆಲ್ಲ ಬಿದ್ದು ಬಿದ್ದು ನಕ್ಕರು.

ಅವನು ಅಂಗೈ ನೋಡಿಕೊಂಡ. ಆಮೇಲೆ ವೆಲಿಂಕಾಳ ಮುಖ ನೋಡಿದ.

"ಇದು ನಿನ್ನ ಕೆಲ್ಸ."

"ಹೌದು ಕುಮ್. ಕೋಲು ಮುಟ್ಟಿದ್ದು ನಿಮ್ಮ ಕೆಲ್ಸ."

"ಮುಟ್ಟಿರ್ತೀನಿ ಕಣಮ್ಮಾ! ನಡೆಯೋಕೆ ಕಲಿಯೋ ಮಗು ಹಿಂದೆ ಕೈ ಚಾಚ್ಕೊಂಡು ಹೋಗಲ್ವಾ? ಹಂಗೆ. ಹಿಡಿಯಲ್ಲ, ಎಳೆಯಲ್ಲ. ನಿನ್ನ ಮಗಳ ತಲೆ ಮುಟ್ಟಿ ಹೇಳ್ತೀನಿ, ಇಳಿಸಿದ್ದೆಲ್ಲಾ ನೀನೇ."

ತಾನೇ ಹೆಸರಿಟ್ಟ ಮಗುವಿನ ಮೇಲೆ ಕುಮ್ ಆಣೆ ಇಟ್ಟರೆ ನಮ್ಮಲ್ಲಿ ಅದರ ಮುಂದೆ ಮಾತಿಲ್ಲ. ನಗು ನಿಂತಿತು. ಬೆಂಚಿನಲ್ಲಿದ್ದ ಹಿರಿಯರೊಬ್ಬರು "ಬಿಟ್ಬಿಡು ವೆಲಿಂಕಾ" ಎಂದು ಗೊಣಗಿದರು. ಅವಳು ಬಿಡಲಿಲ್ಲ.

"ನಿಮ್ಮ ಮಾತು ನಂಬ್ತೀನಿ ಕುಮ್. ನಿಮ್ಮ ಕೈನ ನಂಬಲ್ಲ. ಭಾನುವಾರ ನಾನು ಹಿಂದೆ ಕೂರ್ತೀನಿ. ನೀವು ಮುಂದೆ ಕೂತು ಎರಡೂ ಕೈ ನನಗೆ ಕಾಣೋ ಹಂಗೆ ಇಟ್ಕೊಳ್ಳಿ."

"ಹಿಂದೆಯಾ? ಅಲ್ಲಿಂದ ನಿನಗೇನು ಕಾಣುತ್ತೆ, ನನ್ನ ಬೆನ್ನು ಬಿಟ್ರೆ? ವೇಗದ ಮುಳ್ಳೂ ಮುಂದೇನೇ ಇದೆ. ಹಿಂದಿನ ಸೀಟಿಂದ ಇಳಿಸೋದು ನನಗೇ ಕಷ್ಟ."

"ನನಗೆ ಮುಳ್ಳು ಬೇಡ. ಕೈ ಕಂಡ್ರೆ ಸಾಕು."

ಭಾನುವಾರ ಇಡೀ ಊರು ಬಂದಿತ್ತು. ವೆಲಿಂಕಾ ಒಬ್ಬಳೇ ಹಾರುತ್ತಾಳೆಂದು ನೋಡಲು ಬಂದವರು, ಅವಳೂ ಒಬ್ರಾದನೂ ಮುಖ ಗಂಟಿಕ್ಕಿಕೊಂಡು ಸೀಟು ಅದಲುಬದಲು ಮಾಡಿಕೊಳ್ಳುವುದನ್ನು ನೋಡಿದರು. ಒಬ್ರಾದ್ ಮುಂದೆ ತೂರಿ ಕುಳಿತ. ಅವನದು ಎತ್ತಿನಂಥ ಮೈ, ಮುಂದಿನ ಗಾಜು ಪೂರ್ತಿ ಮುಚ್ಚಿಹೋಯಿತು.

"ಬೂಟೂ ಬಿಚ್ಲಾ? ಕಾಲಲ್ಲಿ ಪೆಡಲ್ ತುಳೀತೀನಿ ಅಂತ್ಲೂ ಅನುಮಾನ ಇರ್ಬೇಕಲ್ಲ?" ಎಂದ ಕಹಿಯಾಗಿ.

"ಬಿಚ್ಚಿ."

ತಮಾಷೆಗೆ ಅಂದವನು ನಿಜಕ್ಕೂ ಬಿಚ್ಚಬೇಕಾಯಿತು. ವಿಮಾನ ಹೊರಟ ಮೇಲೆ ಹುಲ್ಲಿನ ಮೇಲೆ ಅವನ ಬೂಟುಗಳೆರಡೇ ಉಳಿದವು. "ಚರ್ಚಿಗೆ ಹೋದಾಗ್ಲೂ ಬಿಚ್ಚದ ಬೂಟು" ಎಂದ ನೆಗೊವಾನ್.

ಮೇಲೆ ನಡೆದದ್ದನ್ನು ಇಬ್ಬರೂ ಆಮೇಲೆ ಹೇಳಿದರು, ಇಬ್ಬರ ಮಾತೂ ಒಂದೇ ಇತ್ತು. ಗಾಜಿನ ಮೇಲ್ಗಡೆ ಅಡ್ಡ ಹಾದ ಕಬ್ಬಿಣದ ಕೊಳವೆಯನ್ನು ಒಬ್ರಾದ್ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಬಸ್ಸಿನಲ್ಲಿ ನಿಂತವರು ಹಿಡಿಯುವಂತೆ. ವೆಲಿಂಕಾಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಚಾಚಿ, ಪಕ್ಕದಲ್ಲಿ ಜಾರುವ ಹೊಲ ನೋಡಿ, ರೆಕ್ಕೆಗೆ ತಾಗುವ ಗಾಳಿಯ ಸದ್ದು ಕೇಳಿ ವೇಗ ಅಂದಾಜು ಮಾಡಿದಳು. ಸುತ್ತು ಹಾಕಿ ಬಯಲಿನ ಕಡೆ ತಿರುಗಿಸಿದಳು. ಎಂಜಿನ್ನಿನ ವೇಗ ತಗ್ಗಿಸಿದಳು. ಒಂದು ಕಣ್ಣು ಹುಲ್ಲಿನ ಮೇಲೆ, ಇನ್ನೊಂದು ಆ ಎರಡು ಕೈಗಳ ಮೇಲೆ.

ನೆಲ ಹತ್ತಿರ ಬಂತು. ಆಗ ಒಬ್ರಾದನ ಬಲಗೈ ಕೊಳವೆಯನ್ನು ಬಿಟ್ಟಿತು. ಅವಸರವಿಲ್ಲದೆ, ಗೂಡಿಗೆ ಮರಳುವ ಕೋಳಿಯಂತೆ, ಕೆಳಗಿನ ಕೋಲಿನ ಕಡೆಗೆ ಇಳಿಯಿತು.

"ಕೈ!" ಎಂದು ವೆಲಿಂಕಾ ಚೀರಿದಳು.

ಒಬ್ರಾದ್ ಬೆಚ್ಚಿ ತನ್ನ ಕೈಯನ್ನೇ ನೋಡಿದ. ಯಾರದೋ ಕೈ ಎಂಬಂತೆ ನೋಡಿದ. ಮತ್ತೆ ಮೇಲೆತ್ತಿ ಕೊಳವೆ ಹಿಡಿದ. ಅಷ್ಟರಲ್ಲಿ ಚಕ್ರ ನೆಲಕ್ಕೆ ಧಡ್ಡೆಂದು ಬಡಿಯಿತು. ವಿಮಾನ ಮೇಕೆಮರಿಯಂತೆ ಮೇಲಕ್ಕೆ ಪುಟಿಯಿತು, ಮತ್ತೆ ಬಿತ್ತು, ಮತ್ತೆ ಪುಟಿಯಿತು. ಮೂತಿ ಪಕ್ಕದ ಸೂರ್ಯಕಾಂತಿ ಹೊಲದ ಕಡೆ ತಿರುಗಿದಾಗ ಅವಳು ಪೆಡಲ್ ಒದ್ದಳು. ಸೊಟ್ಟಗೆ ಓಡಿ, ಹೊಲದ ಅಂಚಿನಲ್ಲಿ ನಿಂತಿತು. ಕೆಳಗೆ ನಾವೆಲ್ಲ ಶಿಲುಬೆಯ ಗುರುತು ಹಾಕಿಕೊಂಡೆವು.

ಒಬ್ರಾದನ ಕೈ ಇನ್ನೂ ಕೊಳವೆಯ ಮೇಲೇ ಇತ್ತು, ಬೆರಳುಗಳು ಬಿಳಿಚಿಕೊಂಡಿದ್ದವು.

"ನಾನು ಇಳಿಸ್ಲಿಲ್ಲ ಆ ಕೈನ" ಎಂದ.

"ಗೊತ್ತು ಕುಮ್. ಅದೇ ಇಳೀತು."

"ಹೋದ್ಸಲಗಳೂ ಹಂಗೇ ಇಳೀತಿತ್ತು ಅಂತೀಯಾ?"

"ಈಗಿನ ಇಳಿಕೆ ನೋಡಿದ್ರಲ್ಲ. ಇದು ನಂದು. ಆ ಹೂವಿನಂಥದ್ದೆಲ್ಲಾ ನಿಮ್ಮ ಕೈದು."

ಬರಿಗಾಲಲ್ಲಿ ಬಯಲು ದಾಟಿ ಬಂದು ಒಬ್ರಾದ್ ಬೆಂಚಿನ ಮೇಲೆ ಕುಳಿತ. ನಾನು ಬಡಿಸಿದ ಸಾರು ಆರಿಹೋಯಿತು. "ಆಣೆ ಇಟ್ಟೆನಲ್ಲ, ಆ ಮಗು ಮೇಲೆ" ಎಂದ ಒಮ್ಮೆ. ಆಮೇಲೆ, "ಇಷ್ಟು ವರ್ಷ ಎಷ್ಟು ಜನಕ್ಕೆ ಕಲಿಸಿದೀನಿ..." ಎಂದು ಅರ್ಧಕ್ಕೇ ನಿಲ್ಲಿಸಿದ. ವೆಲಿಂಕಾ ಅವನ ಬೂಟುಗಳನ್ನು ಎತ್ತಿ ತಂದು ಕಾಲ ಬಳಿ ಇಟ್ಟಳು. ನೀವು ಸುಳ್ಳು ಹೇಳಿದಿರಿ ಎಂದು ಅವಳು ಅಂದೂ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ.

"ಇವತ್ತು ನೀನು ಒಬ್ಬಳೇ ಹೋಗೋದು ಬೇಡ" ಎಂದ ಅವನು ಕೊನೆಗೆ.

"ಅದನ್ನೇ ತಾನೇ ನಾನು ಹೇಳಿದ್ದು."

ಆ ಬೇಸಿಗೆಯೆಲ್ಲ ಅವಳು ಹಿಂದೆ, ಅವನು ಮುಂದೆ. ಎರಡೂ ಕೈ ಮೇಲೆತ್ತಿಕೊಂಡ ಒಬ್ರಾದ್ ತಲೆಯ ಮೇಲೆ ಹಾದುಹೋಗುವಾಗ ನಾವೆಲ್ಲ ಮಕ್ಕಳಂತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. "ಕುಮ್‌ನ ಪೊಲೀಸ್ರು ಹಿಡ್ಕೊಂಡು ಹೋಗ್ತಿದ್ದಾರೆ" ಎಂದು ನೆಗೊವಾನ್ ಅಂಗಡಿಯಲ್ಲಿ ಸಾರಿದ. ವೆಲಿಂಕಾ ಪುಟಿದಳು, ಸೊಟ್ಟಗೆ ಓಡಿದಳು, ಒಮ್ಮೆ ಬೀಟ್‌ಹೊಲಕ್ಕೂ ನುಗ್ಗಿದಳು. ಬರಬರುತ್ತ ಪುಟಿತ ಕಡಿಮೆಯಾಯಿತು. ಆಮೇಲೆ ಮುಂದಿನ ಸೀಟಿಗೆ ಮರಳಿದಳು. ಅಲ್ಲಿಂದ ಕೈ ಕಾಣುವುದಿಲ್ಲ, ಏನು ಮಾಡುವುದು? ಉಪಾಯ ಹುಡುಕಿದವನು ಒಬ್ರಾದನೇ. ಇಳಿಯುವಾಗ ಎಂಜಿನ್ ಸದ್ದು ಅಡಗಿರುತ್ತದಲ್ಲ, ನೆಲ ಹತ್ತಿರ ಬಂದೊಡನೆ ಅವನು ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟತೊಡಗುತ್ತಿದ್ದ. ಚಕ್ರ ನಿಲ್ಲುವವರೆಗೂ ಬಿಡದೆ ತಟ್ಟುತ್ತಿದ್ದ. ಎರಡು ಕೈ ಸೇರದೆ ಚಪ್ಪಾಳೆಯಾಗುವುದಿಲ್ಲ. ಇದನ್ನು ಅವಳು ಒಪ್ಪಿದಳು. ಆದರೂ ಒಂದೆರಡು ಸಲ, "ತೊಡೆ ತಟ್ಕೊಂಡ್ರಾ, ಕೈ ತಟ್ಟಿದ್ರಾ?" ಎಂದು ಕೇಳಿದಳಂತೆ.

ಜೋಳ ಕೊಯ್ದು ಬಯಲೆಲ್ಲ ಬೋಳಾದ ಮೇಲೆ, ಒಂದು ತಣ್ಣನೆಯ ಬೆಳಗ್ಗೆ ಅವಳು ಒಬ್ಬಳೇ ಹೋದಳು. ಹತ್ತುವ ಮೊದಲು ಹಿಂದಿನ ಸೀಟಿನೊಳಗೆ ತಲೆ ಹಾಕಿ, ಯಾರೂ ಇಲ್ಲವೆಂದು ನೋಡಿ, ಖಾಲಿ ಬೆಲ್ಟನ್ನು ಬಿಗಿದಳು. ಒಂದು ಸುತ್ತು ಹಾಕಿದಳು. ಇಳಿಯುವಾಗ ಒಮ್ಮೆ ಪುಟಿದಳು, ಸಣ್ಣಗೆ. ಆಮೇಲೆ ನೆಟ್ಟಗೆ ಓಡಿ ನಿಂತಳು.

ನಾವೆಲ್ಲ ವಿಮಾನವನ್ನು ನೋಡುತ್ತಿದ್ದರೆ ನೆಗೊವಾನ್ ನನ್ನ ತೋಳು ತಿವಿದು ಪಕ್ಕಕ್ಕೆ ತೋರಿಸಿದ. ಒಬ್ರಾದ್ ಹುಲ್ಲಿನ ನಡುವೆ ಮಂಡಿ ಬಾಗಿಸಿ ನಿಂತಿದ್ದ. ಬಲಗೈ ಹೊಟ್ಟೆಯ ಮುಂದೆ ಮುಷ್ಟಿ ಕಟ್ಟಿ, ಇಲ್ಲದ ಕೋಲೊಂದನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು.

ಇಳಿದು ಬಂದವಳು ಮೊದಲು ಗಂಡನನ್ನು ಕೇಳಿದಳು: "ನಾನು ಇಳಿಯೋವಾಗ ಕುಮ್ ಕೈ ಎಲ್ಲಿತ್ತು?"

"ಎಳೀತಿತ್ತು" ಎಂದ ನೆಗೊವಾನ್. "ಗಾಳೀಲಿ."

ವೆಲಿಂಕಾ ಒಬ್ರಾದನ ಕಡೆ ನೋಡಿದಳು, ಆಮೇಲೆ ಅವನಿಗೂ ವಿಮಾನಕ್ಕೂ ನಡುವಿನ ಖಾಲಿ ಹುಲ್ಲಿನ ಕಡೆ ನೋಡಿದಳು.

"ಎಳೀಲಿ ಬಿಡು" ಎಂದಳು. "ಅಲ್ಲಿಂದ ಇಲ್ಲಿಗೆ ತಂತಿ ಇಲ್ಲವಲ್ಲ."