ಕರಿಬಸಮ್ಮನ ಎರಡು ಸುತ್ತು

ಕರಿಬಸಮ್ಮ ಎರೆದ ಕೂಸು ಬೆಳಗಾಗುವವರೆಗೆ ಹಾಲಿಗೆ ಏಳುವುದಿಲ್ಲ ಎಂಬ ಮಾತು ಭದ್ರಾವತಿಯ ಹಳೇನಗರದಲ್ಲಿ ಮನೆಮಾತಾಗಿತ್ತು. ಬಾಣಂತಿಯರ ಮನೆಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕಸುಬು. ಕಾಲು ನೀಡಿ ಕೂತು, ಕೂಸನ್ನು ಬೋರಲು ಹಾಕಿಕೊಂಡು, ಮೈ ಕೆಂಪಾಗುವಂತೆ ಬಿಸಿನೀರು ಎರೆಯುವಳು. ಆಮೇಲೆ ಸಾಂಬ್ರಾಣಿ ಹೊಗೆ. ಕೊನೆಗೆ ಚೀಲದಿಂದ ಸಾಣೆಕಲ್ಲು ತೆಗೆದು, ಜಾಯಿಕಾಯಿಯನ್ನು ಎದೆಹಾಲಿನಲ್ಲಿ ಎರಡು ಸುತ್ತು ತೇಯ್ದು ನಾಲಿಗೆಗೆ ಹಚ್ಚುವಳು.

ಕಲ್ಲು ಅತ್ತೆಯಿಂದ ಬಂದದ್ದು. ತೇಯ್ದೂ ತೇಯ್ದೂ ನಡುವೆ ತಗ್ಗಾಗಿ ನುಣ್ಣಗಾಗಿತ್ತು. ನಿಜ ಹೇಳಬೇಕೆಂದರೆ ಅದರ ಮೇಲೆ ಎರಡು ಸುತ್ತಿಗೆ ಬರೀ ವಾಸನೆ ಏಳುತ್ತಿತ್ತು. ಕೂಸನ್ನು ಮಲಗಿಸುತ್ತಿದ್ದುದು ಆ ನೀರು, ಆ ಕೈ. ಹೆಸರು ಮಾತ್ರ ಜಾಯಿಕಾಯಿಗೆ. ಇದು ಅವಳಿಗೂ ಗೊತ್ತಿರಲಿಲ್ಲ. "ಮಲಗಿದ ಕೂಸನ್ನ ಎಬ್ಬಿಸ್ಬಾರ್ದು, ಪಾಪ ಬರುತ್ತೆ" ಎಂದು ಬಾಣಂತಿಯರನ್ನು ಗದರುತ್ತಿದ್ದವಳೂ ಅವಳೇ.

ವಸಂತಮ್ಮನ ಮಗಳು ವಾಣಿಯನ್ನು ಎಳೆತನದಲ್ಲಿ ಎರೆದದ್ದು ಕರಿಬಸಮ್ಮ. ಈಗ ವಾಣಿಯ ಕೂಸನ್ನೂ. ದಿನ ತುಂಬದೆ ಹುಟ್ಟಿದ ಸಣ್ಣ ಹೆಣ್ಣುಕೂಸು. ಬಾಣಂತನ ಮುಗಿಸಿ ವಾಣಿ ಶಿವಮೊಗ್ಗದ ನವುಲೆಯಲ್ಲಿದ್ದ ಗಂಡನ ಮನೆಗೆ ಹೋದಳು. ಅಲ್ಲಿ ಕೂಸು ರಾತ್ರಿಯಿಡೀ ಹಾಲಿಗೆ ಅಳುತ್ತಿತ್ತು. ತಾಯಿಗೆ ತಾಳ್ಮೆ ಇರಬೇಕು ಎಂದು ಬುದ್ಧಿ ಹೇಳುವವರು ಒಂದು ವಾರ ಹಾಗೆ ನಿದ್ದೆಗೆಟ್ಟು ನೋಡಲಿ, ಆಮೇಲೆ ಮಾತಾಡಲಿ.

ವಾಣಿ ಕರಿಬಸಮ್ಮನಿಗೆ ಫೋನ್ ಮಾಡಿದಳು. "ಅಜ್ಜಿ, ತಲೆ ಸಿಡೀತಿದೆ. ಆಫೀಸಿಗೆ ಬೇರೆ ಹೋಗ್ಬೇಕು. ಏನಾದ್ರೂ ಹೇಳಿ."

"ಅಷ್ಟಕ್ಕೆ ಯಾಕಳ್ತೀಯ ಮಾರಾಯ್ತಿ? ಜಾಯಿಕಾಯಿ ಎರಡು ಸುತ್ತು ತೇಯ್ದು ಹಾಕು."

ಮರುದಿನ ಬೆಳಿಗ್ಗೆ ಮತ್ತೆ ಫೋನು. ವಾಣಿಯ ದನಿಯಲ್ಲಿ ನಗು. "ಒಂದ್ಸಲಾನೂ ಎದ್ದಿಲ್ಲ ಅಜ್ಜಿ! ನಾನೂ ಸತ್ತಂಗೆ ಮಲಗಿದ್ದೆ. ಹಾಲು ಕಟ್ಟಿ ಎದೆ ಕಲ್ಲಾಗಿದೆ. ಇನ್ನೂ ಮಲಗಿದಾಳೆ, ನೀವು ಹೇಳ್ದಂಗೆ ಎಬ್ಬಿಸ್ಲಿಲ್ಲ."

ಕರಿಬಸಮ್ಮ ಅಂಗಳ ನೋಡಿದಳು. ಬಿಸಿಲು ಹೊಸ್ತಿಲಿಗೆ ಬಂದಿತ್ತು.

"ಎಬ್ಬಿಸು. ಪಾಪ ಗೀಪ ಎಲ್ಲಾ ನಂಗಿರ್ಲಿ, ಈಗ್ಲೇ ಎಬ್ಬಿಸು!"

ಫೋನಿನಲ್ಲಿ ವಾಣಿ ಕೂಸನ್ನು ಕರೆಯುವುದು ಕೇಳಿಸಿತು. ಮತ್ತೆ ಮತ್ತೆ ಕರೆದಳು. ಆಮೇಲೆ ಕಿರುಚಿದಳು.

ಕರಿಬಸಮ್ಮ ಮಗ ಪರಮೇಶನ ಜೊತೆ ಬಸ್ಸು ಹಿಡಿದು ನವುಲೆ ಮುಟ್ಟುವ ಹೊತ್ತಿಗೆ ಕೂಸಿನ ಹೆಣವನ್ನು ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದ್ದರು. ಮಂಪರಿನಲ್ಲಿ ಹಾಲಿಗೆ ಏಳಲಾಗದೆ ಮೈಯ ಸಕ್ಕರೆ ಇಳಿದುಹೋಯಿತು ಎಂದಿದ್ದರಂತೆ ಡಾಕ್ಟರು.

ವಾಣಿಗೆ ನೀರು ತರಲು ಕರಿಬಸಮ್ಮ ಅಡುಗೆಮನೆಗೆ ಹೋದಳು. ಕಟ್ಟೆಯ ಮೇಲೆ ಸಾಣೆಕಲ್ಲು ಇತ್ತು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಬೆರಳಾಡಿಸಿದರೆ ಚುಚ್ಚುವಷ್ಟು ಒರಟು. ಪಕ್ಕದಲ್ಲಿದ್ದ ಜಾಯಿಕಾಯಿಯ ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಅವಳ ಕಲ್ಲಿನ ಮೇಲೆ ಅಷ್ಟು ಸವೆಯಲು ತಿಂಗಳುಗಳೇ ಬೇಕು. ಅವಳಿಗೆ ಎಲ್ಲ ತಿಳಿಯಿತು. ಕಲ್ಲನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎರಡೇ ಸುತ್ತು ಅಜ್ಜಿ, ನಿಮ್ಮಾಣೆ" ಎಂದು ವಾಣಿ ಅವಳ ಕೈ ಹಿಡಿದಳು. "ನಾನೇನು ತಪ್ಪು ಮಾಡ್ದೆ, ಹೇಳಿ."

"ನಿಂದೇನೂ ತಪ್ಪಿಲ್ಲ ಮಗಾ. ಹಾಕು ಅಂದಿದ್ದು ನಾನು. ಎಬ್ಬಿಸ್ಬಾರ್ದು ಅಂದಿದ್ದೂ ನಾನೇ."

ವಸಂತಮ್ಮ ಎಲ್ಲರೆದುರು ಅವಳ ಕೆನ್ನೆಗೆ ಬಾರಿಸಿದಳು. "ನಿನ್ನ ಕೈ ಸೇದಿಹೋಗ!" ಕರಿಬಸಮ್ಮ ತಲೆತಗ್ಗಿಸಿ ನಿಂತಳು, ಸೊಂಟದ ಕಲ್ಲು ಜಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು.

ಊರಿಗೆ ಮರಳುವಾಗ ಭದ್ರಾವತಿಯ ಸೇತುವೆಯ ಮೇಲೆ ಅವಳು ಆ ಕಲ್ಲನ್ನು ಹೊರತೆಗೆದಾಗ ಪರಮೇಶ ಮುಟ್ಟಿ ನೋಡಿ ಸಿಡಿದುಬಿದ್ದ. "ಕಲ್ಲು ಒರಟಿತ್ತು ಅಂತ ಹೇಳ್ಬೇಕಿತ್ತಲ್ಲಮ್ಮ! ಊರೆಲ್ಲ ನಿನ್ನೇ ಉಗಿಯುತ್ತೆ."

"ಉಗೀಲಿ. ನಾನು ಮಾಡಿದ್ದೇನು ಕಮ್ಮೀನಾ?" ಅವಳು ಕಲ್ಲನ್ನು ಹೊಳೆಗೆ ಬಿಟ್ಟಳು. "ಆ ಕಲ್ಲನ್ನ ವಾಣಿನೇ ಹೋಗಿ ಆರಿಸಿ ತಂದಿರ್ತಾಳೆ ಕಣೋ. ಗೊತ್ತಾದ್ರೆ ಬದುಕ್ತಾಳಾ?"