ಹನ್ನೊಂದು ತಿಂಗಳ ಹಳದಿ ಗುರುತು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಿಸ್ಟಂ ಮೇಡಂ ಅಂತಲೇ ಕರೆಯುತ್ತಿದ್ದರು. ಕಂಪ್ಯೂಟರ್ ಮುನಿಸಿಕೊಂಡರೂ, ಪ್ರಿಂಟರ್ ಕಾಗದ ನುಂಗಿದರೂ ಮೊದಲು ಬರುತ್ತಿದ್ದ ಮಾತು "ಮೇಡಂನ ಕರೀರಿ". ಹದಿನೇಳು ವರ್ಷದಿಂದ ಬೆಳಿಗ್ಗೆ ಕೆಲಸಕ್ಕೆ ಬಂದವಳು ಕೈಚೀಲ ಇಳಿಸುವ ಮುಂಚೆಯೇ, ಹಿಂದಿನ ದಿನದ ರೋಗಿಗಳ ದಾಖಲೆಯೆಲ್ಲ ಇನ್ನೊಂದು ಯಂತ್ರಕ್ಕೆ ಸರಿಯಾಗಿ ನಕಲಾಗಿದೆಯೇ ಅಂತ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ.

ಮನೆಯ ಬ್ಯಾಕಪ್ಪನ್ನು ಮಾತ್ರ ಹನ್ನೊಂದು ತಿಂಗಳು ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಅದನ್ನು ಮಾಡಿಟ್ಟಿದ್ದು ಮಾವನಿಗಾಗಿ. ಮಾವ ನೀರು ಸರಬರಾಜು ಇಲಾಖೆಯಲ್ಲಿ ಫಿಟ್ಟರ್ ಆಗಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಇಲಾಖೆಯ ನಕ್ಷೆಯಲ್ಲಿ ಪೈಪುಗಳು ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿದ್ದವು. ನೆಲದೊಳಗೆ ಹಾಗಿರಲಿಲ್ಲ. ಬಂಡೆ ಅಡ್ಡ ಬಂದ ಕಡೆ ಬಳಸಿಕೊಂಡು ಹೋಗಿದ್ದವು, ಯಾರದೋ ಕಾಂಪೌಂಡಿನ ಕೆಳಗೆ ತೂರಿದ್ದವು. ಅದೆಲ್ಲ ಮಾವನ ಜೇಬಿನ ಪುಸ್ತಕದಲ್ಲಿತ್ತು. "ದರ್ಜಿ ಅಂಗಡಿ ಮೆಟ್ಟಿಲಿಂದ ಎಂಟು ಹೆಜ್ಜೆ, ನಾಲ್ಕಡಿ ಆಳ, ಅಲ್ಲಿಂದ ಎಡಕ್ಕೆ." ಅಂಥ ನಲವತ್ತಮೂರು ಪುಸ್ತಕ.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಬಗ್ಗೆ ಒಂದು ಸಾಲು ಬರೆದಿದ್ದಾರಾ ನೋಡು," ಅಂತ ಅತ್ತೆ ನಗುತ್ತಿದ್ದರು. "ಪೈಪು ಅಂದ್ರೆ ಮಾತ್ರ ಪುಸ್ತಕದ ಮೇಲೆ ಪುಸ್ತಕ."

ಇವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಆಸೆ ಹಚ್ಚಿದವಳು ಸೊಸೆಯೇ. ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು, ಬೀದಿಗಳ ನಕ್ಷೆಯ ಮೇಲೆ ಗೆರೆ ಎಳೆಯುವುದನ್ನು ಕಲಿಸಿದಳು. ಮಾವ ಅರವತ್ತೆಂಟನೇ ವಯಸ್ಸಿನಲ್ಲಿ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರವನ್ನು ಹುಡುಕಿ ಹುಡುಕಿ ಕುಟ್ಟತೊಡಗಿದರು. ಕಪಾಟಿನ ಮೇಲೆ ವೈಫೈ ರೂಟರಿನ ಪಕ್ಕ ಅವಳು ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ತಂದಿಟ್ಟಳು. ಮಾವ ಬರೆದದ್ದೆಲ್ಲ ದಿನಾ ಸಂಜೆ ಐದಕ್ಕೆ ತಾನಾಗಿಯೇ ಆ ಪೆಟ್ಟಿಗೆಗೆ ನಕಲಾಗಬೇಕು.

ಜೋಡಿಸಿದ ದಿನ ಲ್ಯಾಪ್‌ಟಾಪಿಗೆ ಪೆಟ್ಟಿಗೆ ಅದರ ಹೆಸರಿನಿಂದ ಸಿಗಲಿಲ್ಲ. ಮನೆಯ ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ರೂಟರು ಮನೆ ನಂಬರಿನಂಥ ಒಂದು ನಂಬರು ಹಂಚುತ್ತದೆ. ಅದು ಖಾಯಂ ಅಲ್ಲ, ಬದಲಾಗಬಹುದು. ಅವಳಿಗದು ಗೊತ್ತಿತ್ತು. ಆದರೆ ಡ್ಯೂಟಿಗೆ ಹೊತ್ತಾಗಿತ್ತು. ಸದ್ಯಕ್ಕೆ ನಡೀಲಿ, ಆಮೇಲೆ ಸರಿಮಾಡೋಣ ಅಂದುಕೊಂಡು ಹೆಸರಿನ ಬದಲು ನಂಬರನ್ನೇ ಕೊಟ್ಟು ಹೊರಟಳು. ಆ ಸಂಜೆ ನಕಲು ಸರಾಗವಾಗಿ ಆಯಿತು. 'ಆಮೇಲೆ' ಅನ್ನುವುದು ಬರಲೇ ಇಲ್ಲ.

ಹದಿನಾಲ್ಕು ಪುಸ್ತಕ ಮುಗಿದಾಗ ಅವಳು ಹೇಳಿದಳು: "ಈ ಪುಸ್ತಕ ಇನ್ನು ಯಾಕೆ ಮಾವ? ಎರಡೆರಡು ಕಡೆ ಇದೆಯಲ್ಲ. ಜಿರಲೆ ಮನೆ ಮಾಡ್ಕೊಂಡಿವೆ."

"ಎರಡು ಕಡೆ ಇದೆ ಅಂತೀಯಾ?"

"ಇದೆ ಮಾವ. ನಾನಿದ್ದೀನಲ್ಲ."

ಅಲ್ಲಿಂದ ಮುಂದೆ ಮಾವ ಒಂದೊಂದು ಪುಸ್ತಕ ಮುಗಿದ ಹಾಗೆಲ್ಲ ತಾವೇ ಅದನ್ನು ರದ್ದಿ ಚೀಲಕ್ಕೆ ಹಾಕುತ್ತಿದ್ದರು.

ಸ್ವಲ್ಪ ದಿನಕ್ಕೆ ಇಂಟರ್ನೆಟ್ಟಿನವರು ಬಂದು ಹಳೆಯ ರೂಟರು ತೆಗೆದು ಹೊಸದು ಹಾಕಿ ಹೋದರು. ಅದಾಗಿ ಎರಡು ದಿನಕ್ಕೆ ಮಾವ ಅವಳ ಕೆಲಸದ ಹೊತ್ತಿನಲ್ಲಿ ಫೋನು ಮಾಡಿದರು.

"ಅಮ್ಮಾ, ಕೆಳಗಡೆ ಮೂಲೇಲಿ ಹಳದಿ ಗುರುತು ಬಂದಿದೆ. ಏನೋ ಇಂಗ್ಲಿಷಿನಲ್ಲಿದೆ."

ಅವಳ ಎದುರಿಗೆ ಇಬ್ಬರು ಡಾಕ್ಟರು ನಿಂತಿದ್ದರು. "ಅದಕ್ಕೆ ತಲೆ ಕೆಡಿಸ್ಕೋಬೇಡಿ ಮಾವ. ಪಕ್ಕದಲ್ಲಿ ಇಂಟು ಗುರುತಿದೆ ನೋಡಿ, ಅದನ್ನ ಒತ್ತಿ, ಹೋಗುತ್ತೆ."

ಒತ್ತಿದರು, ಹೋಯಿತು. ಆಮೇಲೆ ದಿನಾ ಸಂಜೆ ಬರುತ್ತಿತ್ತು, ಮಾವ ದಿನಾ ಸಂಜೆ ಒತ್ತುತ್ತಿದ್ದರು. ಹೇಳಿದ ಮಾತು ಮೀರುವ ಜಾಯಮಾನ ಅವರದಲ್ಲ.

ಒಂದು ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲಿಲ್ಲ. ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು. ಮಾವ ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಡಿಸ್ಕ್ ಹೋಗಿದೆ, ಅಷ್ಟೇ ಮಾವ," ಅಂದಳು ಸೊಸೆ. "ಪೆಟ್ಟಿಗೇಲಿ ಎಲ್ಲ ಇದೆ. ಅದಕ್ಕೇ ಅಲ್ವಾ ಇಟ್ಟಿರೋದು?"

ತನ್ನ ಕಂಪ್ಯೂಟರಿನಿಂದ ಪೆಟ್ಟಿಗೆ ತೆರೆದಳು. ಮಾವನ ಕಡತ ಸಿಕ್ಕಿತು. ಪಕ್ಕದಲ್ಲಿದ್ದ ತಾರೀಕು ಹನ್ನೊಂದು ತಿಂಗಳ ಹಿಂದಿನದು. ಬೇರೆಲ್ಲೋ ಇರಬೇಕು ಅಂತ ಹುಡುಕಿದಳು. ಇರಲಿಲ್ಲ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು, ಒಳಗೆ ಜಾಗ ಧಾರಾಳವಾಗಿತ್ತು, ಪಾಸ್‌ವರ್ಡ್ ಅದೇ ಇತ್ತು. ಕೊನೆಗೆ ರೂಟರಿನ ಪಟ್ಟಿ ತೆಗೆದು ಪೆಟ್ಟಿಗೆಯ ನಂಬರು ನೋಡಿದಳು. ಹೊಸ ರೂಟರು ಅದಕ್ಕೆ ಬೇರೆ ನಂಬರು ಕೊಟ್ಟಿತ್ತು. ಮಾವನ ಲ್ಯಾಪ್‌ಟಾಪ್ ಅಷ್ಟೂ ತಿಂಗಳು ದಿನಾ ಸಂಜೆ ಐದಕ್ಕೆ ಹಳೆಯ ನಂಬರಿಗೆ ಹೋಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಹಳದಿ ಗುರುತು ತೋರಿಸಿ ಸುಮ್ಮನಾಗಿತ್ತು.

ನಂಬರು ಬದಲಾಗದ ಹಾಗೆ ರೂಟರಿನಲ್ಲಿ ಕಟ್ಟಿಹಾಕುವ ಕೆಲಸ ಐದು ನಿಮಿಷದ್ದು. ಅದನ್ನು ಅವಳು ಆಗ ಮಾಡಿದಳು. ಪರೀಕ್ಷೆಗೊಂದು ಕಡತ ನಕಲು ಮಾಡಿ, ವಾಪಸ್ ತೆಗೆದು, ತೆರೆದು ನೋಡಿದಳು. ಎಲ್ಲ ಸರಿಯಾಗಿತ್ತು. ಕಣ್ಣು ಮಂಜಾಗಿ ಪರದೆ ಕಾಣದಾಯಿತು.

ಡಿಸ್ಕ್ ರಿಪೇರಿಯವನು ನಾಲ್ಕು ದಿನ ಇಟ್ಟುಕೊಂಡು ಕೈಚೆಲ್ಲಿದ. ಒಳಗಿನ ತಟ್ಟೆ ಗೀರಿಹೋಗಿದೆ, ಒಂದಕ್ಷರವೂ ಬರುವುದಿಲ್ಲ ಅಂದ. ನಲವತ್ತಮೂರರಲ್ಲಿ ಹದಿನಾಲ್ಕು ಪೆಟ್ಟಿಗೆಯಲ್ಲಿ ಉಳಿದಿದ್ದವು. ಟೈಪ್ ಮಾಡದ ಮೂರು ಪುಸ್ತಕ ಮೇಜಿನ ಮೇಲಿದ್ದವು. ನಡುವಿನ ಇಪ್ಪತ್ತಾರು ಎಲ್ಲೂ ಇರಲಿಲ್ಲ.

ಮಾವನೇ ಸಮಾಧಾನ ಹೇಳಲು ಬಂದರು. "ನೀನೇನು ಮಾಡ್ತೀಯಮ್ಮ. ಯಂತ್ರ ಅಂದ್ಮೇಲೆ ಕೆಡುತ್ತೆ."

ಆ ಮಾತನ್ನು ಹಾಗೇ ಒಪ್ಪಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳಿಂದ ಆಗಲಿಲ್ಲ. "ಯಂತ್ರ ಅಲ್ಲ ಮಾವ, ನಾನು," ಅಂದಳು. ನಂಬರಿನ ವಿಷಯ, ಅವಸರದ ವಿಷಯ ಎಲ್ಲ ಹೇಳಿದಳು. "ನೀವು ಫೋನು ಮಾಡಿ ಕೇಳಿದ್ರಿ. ನಾನು ಬಂದು ನೋಡ್ಲಿಲ್ಲ. ಆ ಗುರುತು ದಿನಾ ಅದನ್ನೇ ಹೇಳ್ತಿತ್ತು."

ಮಾವ ಟೈಪ್ ಮಾಡುವ ಬೆರಳನ್ನು ನೀವಿಕೊಂಡರು. ಆಮೇಲೆ "ಹಂಗಾದ್ರೆ ನಾನು ದಿನಾ ನನ್ನ ಕೈಯಾರೆ ಮುಚ್ತಾ ಇದ್ದೆ ಅನ್ನು," ಅಂದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಎರಡು ವಾರ ಅವರು ಮೇಜಿನ ಹತ್ತಿರ ಸುಳಿಯಲಿಲ್ಲ. ಆಗ ಇಲಾಖೆಯಿಂದ ಫೋನು ಬಂತು. ಶಾಲೆಯ ಹಿಂದಿನ ಬೀದಿಯಲ್ಲಿ ಎಲ್ಲೋ ಪೈಪು ಒಡೆದಿದೆ, ಎಲ್ಲಿ ಅಗೆಯಬೇಕೋ ತಿಳಿಯುತ್ತಿಲ್ಲ ಅಂತ. ಮೊದಲಾಗಿದ್ದರೆ ಪುಸ್ತಕ ತೆರೆದು ಕೂತಲ್ಲೇ ಹೇಳುತ್ತಿದ್ದರು. ಈಗ ಎದ್ದು ಹೋದರು. ಮಧ್ಯಾಹ್ನ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದವರು ಚಪ್ಪಲಿ ಬಿಡುತ್ತಾ ಅತ್ತೆಗೆ ಹೇಳಿದರು: "ನಾಲ್ಕು ಕಡೆ ಅಗೆಸಿದೆ ಕಣೇ. ನಾಲ್ಕನೇದ್ರಲ್ಲಿ ಸಿಕ್ತು. ಅಗೆಯೋ ಹುಡುಗರು ಏನೂ ಅನ್ನಲಿಲ್ಲ. ಅದೇ ಬೇಜಾರು."

ಒಳಗಿದ್ದ ಸೊಸೆಗೆ ಕೇಳಿಸಿತು. ಮುಂದಿನ ಭಾನುವಾರ ಬೆಳಿಗ್ಗೆ ಅವಳು ಪ್ಯಾಡು, ಟೇಪು ಹಿಡಿದು ನಿಂತಳು. "ಬನ್ನಿ ಮಾವ. ನೆನಪಿರೋಷ್ಟು ಹೇಳಿ, ನಾನು ಬರ್ಕೊಳ್ತೀನಿ."

ಒಂದೂವರೆ ವರ್ಷ ಭಾನುವಾರಗಳೆಲ್ಲ ಹೀಗೇ ನಡೆದವು. ಕೆಲವು ಬೀದಿಗಳಲ್ಲಿ ಮಾವನ ಕಾಲಿಗೇ ಎಲ್ಲ ನೆನಪಿತ್ತು, ಹೆಜ್ಜೆ ಎಣಿಸುತ್ತಾ ಹೋಗಿ ಟಕ್ಕನೆ ನಿಲ್ಲುತ್ತಿದ್ದರು. ಕೆಲವು ಕಡೆ ಅಂಗಡಿ ಹೋಗಿ ಕಟ್ಟಡ ಬಂದಿತ್ತು, ಗುರುತಿಗೆ ಇಟ್ಟುಕೊಂಡಿದ್ದ ಮರವೇ ಇರಲಿಲ್ಲ. ಅಲ್ಲಿ ನಿಂತು ಸುತ್ತ ನೋಡಿ, "ಇಲ್ಲಮ್ಮ, ಹೊಳೀತಿಲ್ಲ," ಅನ್ನುತ್ತಿದ್ದರು. ಮೊಣಕಾಲು ನೋವು ಜೋರಾಗಿ ತಿರುಗಾಟ ನಿಂತಾಗ ಒಂಬತ್ತು ಪುಸ್ತಕದಷ್ಟು ವಾಪಸ್ ಬಂದಿತ್ತು.

ಇಲಾಖೆಯ ಇಂಜಿನಿಯರೊಬ್ಬಳು ಅದರ ಪ್ರತಿ ತೆಗೆದುಕೊಳ್ಳಲು ಮನೆಗೆ ಬಂದಳು. ನಕ್ಷೆ ನೋಡಿ ಬೆರಗಾದಳು. ಹಾಗೇ ಸರಿಸುತ್ತಾ ಹೋಗಿ, "ಸರ್, ಇಲ್ಲೆಲ್ಲ ಯಾಕೆ ಖಾಲಿ?" ಅಂತ ಕೇಳಿದಳು.

"ಅದಾ? ವಯಸ್ಸಾಯ್ತಲ್ಲಮ್ಮ, ಮರೆತುಬಿಟ್ಟೆ," ಅಂದರು ಮಾವ.

ಹಿಂದೆ ನಿಂತಿದ್ದ ಸೊಸೆ ಬಾಯಿ ತೆರೆದಳು. ಮಾವ ತಿರುಗಿ ನೋಡದೆಯೇ ಕೈಯನ್ನು ಸ್ವಲ್ಪ ಎತ್ತಿ, ಬೇಡ ಅನ್ನುವಂತೆ ಆಡಿಸಿದರು. ಅವಳು ಸುಮ್ಮನಾದಳು. ಇಂಜಿನಿಯರು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ಹೋಗುವವರೆಗೂ ಸುಮ್ಮನೆ ಇದ್ದಳು. ಮಾವ ಹೋಗಿ ಈಗ ಮೂರು ವರ್ಷ. ಆ ದಿನ ಬಾಯಿಬಿಟ್ಟು ಹೇಳಬೇಕಿತ್ತು ಅಂತ ಅವಳಿಗೆ ಇವತ್ತಿಗೂ ಅನ್ನಿಸುತ್ತದೆ.