ಅಂಟಿನ ಮಾಮನಿಗೆ ತಲುಪದ ಮಾತು

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಅವಳು ಹುಟ್ಟಿದ ಮನೆಯಲ್ಲಿ ಗೋಡೆ ಬಿಟ್ಟರೆ ಕಿವಿ ಇದ್ದದ್ದು ಅವಳೊಬ್ಬಳಿಗೇ. ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದ ಕೇಳಿಸದು. ಕಿವುಡರ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಜಗಳವಾಡಿದ್ದರು. ಜಗಳ ಅರ್ಧಕ್ಕೆ ನಿಲ್ಲಬಾರದೆಂದೇ ಮದುವೆಯಾದೆವು ಎಂದು ಅಪ್ಪ ಕೈಸನ್ನೆಯಲ್ಲಿ ಹೇಳಿ ನಗಿಸುತ್ತಿದ್ದ. ಅಪ್ಪನಿಗೆ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಕೆಲಸ. ಆ ಯಂತ್ರದ ಸದ್ದಿಗೆ ಹತ್ತು ವರ್ಷದಲ್ಲಿ ಉಳಿದವರೆಲ್ಲ ಕಿವುಡಾದರೂ ಅಪ್ಪನ ಕಿವಿ ಮಾತ್ರ ಸೇರಿದ ದಿನ ಹೇಗಿತ್ತೋ ಹಾಗೇ ಉಳಿಯಿತು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು.

ಮಗುವಿಗೆ ಮಾತಿಗಿಂತ ಮೊದಲು ಸನ್ನೆ ಬಂತು. ಆರು ವರ್ಷಕ್ಕೆ ಡಾಕ್ಟರ ಮಾತು ಅಪ್ಪನಿಗೆ, ಅಪ್ಪನ ಮಾತು ಮನೆ ಮಾಲೀಕನಿಗೆ, ಮಾಲೀಕನ ಬೈಗುಳ ತಿರುಗಿ ಅಪ್ಪನಿಗೆ ಮುಟ್ಟಿಸುವುದು ಅವಳ ಕೆಲಸವಾಯಿತು. ಎರಡು ಭಾಷೆಗಳ ನಡುವೆ ನಿಂತವಳು ಎಂದು ಬೀದಿಯವರು ಅವಳನ್ನು ದುಬಾಷಿ ಎಂದು ಕರೆದರು. ಅದೇ ಹೆಸರಾಗಿಹೋಯಿತು.

ಭಾನುವಾರ ಎರಡು ಪಾಳಿ. ಅಮ್ಮ ಕಥೋಲಿಕಳು, ಬೆಳಿಗ್ಗೆ ಏಳಕ್ಕೆ ಅವಳ ಜೊತೆ ಚರ್ಚಿನಲ್ಲಿ ಬಲಿಪೂಜೆ. ಅಪ್ಪ ಪ್ರೊಟೆಸ್ಟೆಂಟ್, ಹತ್ತಕ್ಕೆ ಅವನ ಜೊತೆ ಆರಾಧನೆ. ಎರಡು ಕಡೆಯೂ ಅವಳು ಮುಂದಿನ ಸಾಲಿನ ಎದುರು ನಿಂತು ಅಲ್ಲಿನ ಪಾದ್ರಿಯ ಪ್ರಸಂಗವನ್ನು ಸನ್ನೆಯಾಗಿಸಿ ಕೈಗೆ ಇಳಿಸಬೇಕು. ಮಿಕ್ಕ ಮಾತೆಲ್ಲ ಹೇಗೋ ಸಾಗುತ್ತಿತ್ತು. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ: ಪಾಪಿ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎನ್ನುವಲ್ಲಿ. ಅದಕ್ಕೆ ಸನ್ನೆಯೇ ಇರಲಿಲ್ಲ. ಏಳು ಗಂಟೆಯ ಫಾದರ್ ದೇವರ ಕೃಪೆ ಮನುಷ್ಯನ ಒಳಹೊಕ್ಕು ಅವನನ್ನು ಬದಲಿಸುತ್ತದೆ, ಅದರ ಜೊತೆ ನಾವೂ ಕೈಜೋಡಿಸಿದರೆ ಅದು ಬೆಳೆಯುತ್ತ ಹೋಗುತ್ತದೆ ಅನ್ನುತ್ತಿದ್ದರು. ಅವಳು ಒಂದು ಅಂಗೈಯನ್ನು ಪಾತ್ರೆಯಂತೆ ಬಗ್ಗಿಸಿ ಇನ್ನೊಂದು ಮುಷ್ಟಿಯಿಂದ ಒಳಗೆ ತಿಕ್ಕಿ ತೋರಿಸಿದಳು. ಹತ್ತು ಗಂಟೆಯ ಪಾಸ್ಟರ್ ಪ್ರಕಾರ ನಿನ್ನಲ್ಲಿ ಏನೂ ಇಲ್ಲ. ಕ್ರಿಸ್ತನ ನೀತಿಯನ್ನೇ ನಿನಗೆ ಹೊದಿಸಿ ದೇವರು ನಿನ್ನನ್ನು ನೀತಿವಂತನೆಂದು ಎಣಿಸುತ್ತಾನೆ, ನಂಬಿ ಒಪ್ಪಿಕೊಳ್ಳುವುದಷ್ಟೇ ನಿನ್ನ ಪಾಲಿಗೆ. ಅದಕ್ಕೆ ಅವಳು ಹೆಗಲ ಮೇಲೆ ಕೋಟು ಎಳೆದುಕೊಂಡಂತೆ ಮಾಡಿದಳು.

ಮನೆಯಲ್ಲಿ ಅದೇ ಪಾತ್ರೆ, ಅದೇ ಕೋಟು.

"ಒಳಗೆ ಕೊಳೆ ಇಟ್ಕೊಂಡು ಮೇಲೆ ಕೋಟು ಹಾಕ್ಕೊಂಡ್ರೆ ನಾರಲ್ವಾ?" ಎಂದು ಅಮ್ಮನ ಕೈ ಕೇಳುತ್ತಿತ್ತು.

"ನೀನು ತಿಕ್ತಾ ತಿಕ್ತಾ ಕೂತ್ಕೋ. ಊಟ ಯಾವಾಗ?" ಅಪ್ಪನ ಕೈ.

ಕಿವುಡರ ಭಾಷೆ ಕೈಯಲ್ಲಿ ಅರ್ಧ, ಮುಖದಲ್ಲಿ ಅರ್ಧ. ಪ್ರಶ್ನೆಯೋ ಉತ್ತರವೋ, ನಿಜವೋ ತಮಾಷೆಯೋ ಎಂದು ಹೇಳುವುದು ಹುಬ್ಬು, ಕೆನ್ನೆ, ತುಟಿ. ಮುಖವಿಲ್ಲದ ಸನ್ನೆ ಉಪ್ಪಿಲ್ಲದ ಅಡುಗೆ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕಾರ್ಖಾನೆಯಲ್ಲಿ ಬೆಂಕಿ ಹತ್ತಿಕೊಂಡಿತು. ಯಾರೂ ಸಾಯಲಿಲ್ಲ, ಒಂದು ಮೂಲೆಯ ಚರ್ಮದ ಕಟ್ಟುಗಳು ಸುಟ್ಟವು. ಯಾರೋ ಅಂಟಿನ ಡಬ್ಬಿಯ ಮುಚ್ಚಳ ತೆಗೆದು ಹೀಟರ್ ಪಕ್ಕ ಇಟ್ಟಿದ್ದರು. ವಿಚಾರಣೆಗೆ ಅಪ್ಪನನ್ನು ಕರೆದರು. ಅಪ್ಪನ ಬಾಯಿ ಬೇಕಲ್ಲ, ಅವಳನ್ನು ತರಗತಿಯಿಂದ ಎಬ್ಬಿಸಿ ಕರೆತಂದರು. ಮ್ಯಾನೇಜರ ಮೇಜಿನ ಈಚೆ ಅಪ್ಪ, ಪಕ್ಕದಲ್ಲಿ ಅಂಟು ಹಚ್ಚುವ ವಿಭಾಗದ ಮನುಷ್ಯ. ಅವಳು ಅಂಟಿನ ಮಾಮ ಎನ್ನುತ್ತಿದ್ದದ್ದು ಅವನಿಗೇ. ಚೂರು ಚರ್ಮದಲ್ಲಿ ಅವಳಿಗೆ ಪೆನ್ಸಿಲ್ ಚೀಲ ಮಾಡಿಕೊಟ್ಟವನು.

"ಡಬ್ಬಿ ಅಲ್ಲಿಟ್ಟವರು ಯಾರು ಅಂತ ಕೇಳಮ್ಮ."

ಅವಳು ಕೇಳಿದಳು. ಅಪ್ಪನ ಕೈ ಅಂಟಿನ ಮಾಮನನ್ನು ತೋರಿಸಿತು. ಮುಖ ಮಾತ್ರ ಅದರ ಜೊತೆ ಹೋಗಲಿಲ್ಲ. ಹುಬ್ಬು ಇನ್ನೇನೋ ಹೇಳುತ್ತಿತ್ತು. ಅಪ್ಪನ ಚಪ್ಪಲಿಯ ಬಾರು ಹೊಸದಾಗಿ ಅಂಟಿಸಿದ್ದು ಅವಳಿಗೆ ಕಾಣುತ್ತಿತ್ತು; ಅದಕ್ಕೆಂದು ಡಬ್ಬಿ ತಂದದ್ದು ಅಪ್ಪನೇ ಎಂಬುದು ಆ ಹುಬ್ಬಿನಲ್ಲೇ ಇತ್ತು. ಆದರೆ ಮ್ಯಾನೇಜರ್ ಕೇಳಿದ್ದು ಕೈ ಏನು ಹೇಳಿತು ಎಂದು.

"ಇವರೇ," ಎಂದಳು.

ಅಂಟಿನ ಮಾಮನನ್ನು ಆ ವಾರವೇ ಕೆಲಸದಿಂದ ತೆಗೆದರು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅಂದಿನಿಂದ ಅವಳು ಒಂದು ಕಲಿತಳು: ಮಾತನ್ನು ಮುಟ್ಟಿಸುವುದು, ತಾನು ಅದನ್ನು ಮುಟ್ಟದಿರುವುದು. ನಲ್ಲಿಯಲ್ಲಿ ನೀರು ಹೋದಂತೆ ಅವಳೊಳಗಿಂದ ಮಾತು ಹೋಗುತ್ತಿತ್ತು. ದೊಡ್ಡವಳಾದ ಮೇಲೆ ಅದೇ ಕಸುಬಾಯಿತು. ಬೆಳಿಗ್ಗೆ ದೊಡ್ಡಾಸ್ಪತ್ರೆ, ಮಧ್ಯಾಹ್ನ ಕೋರ್ಟು. ಯಾರ ಮಾತನ್ನು ಹೇಳುತ್ತಾಳೋ ಅವರ ಬದಲಿಗೆ 'ನಾನು' ಎಂದೇ ಹೇಳಬೇಕು, ಅದು ಕಸುಬಿನ ನಿಯಮ. ಹಾಗೆ ಅವಳು 'ನಾನು ಹೆಂಡತಿಗೆ ಹೊಡೆದೆ' ಎಂದಿದ್ದಳು, 'ನನ್ನ ಮಗು ಹೊಟ್ಟೆಯಲ್ಲೇ ಸತ್ತಿತು' ಎಂದಿದ್ದಳು. ಸಂಜೆ ಮನೆಗೆ ಬಂದು ಬಟ್ಟೆ ಮಡಿಸುತ್ತಿದ್ದಳು. ನಲವತ್ತೊಂದಾದರೂ ಮದುವೆಯಾಗಿರಲಿಲ್ಲ. ಬೇಡ ಎಂದೂ ಇರಲಿಲ್ಲ, ಬೇಕು ಎಂದೂ ಇರಲಿಲ್ಲ.

ಅಪ್ಪನಿಗೆ ಊಟ ಸೇರದೆ, ಕಣ್ಣು ಹಳದಿಯಾಗಿ, ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊಸ ಡಾಕ್ಟರು ಅಪ್ಪನ ಕಡೆ ನೋಡಿಕೊಂಡು ಹೇಳಿದರು, "ಲಿವರಲ್ಲಿ ಗಡ್ಡೆ ಇದೆ. ಆಪರೇಷನ್ ಮಾಡೋ ಹಂತ ದಾಟಿದೆ. ಎರಡು ತಿಂಗಳು, ಹೆಚ್ಚಂದ್ರೆ ಮೂರು."

ಅವಳ ಕೈ ಅದನ್ನು ಅಪ್ಪನಿಗೆ ಹೇಳಿತು. ಲಿವರು, ಗಡ್ಡೆ, ಎರಡು, ಮೂರು. ಅಪ್ಪ ತಲೆಯಾಡಿಸಿದ.

"ನೀವು ಇವರಿಗೆ ಏನಾಗಬೇಕು?" ಡಾಕ್ಟರು ಕೇಳಿದರು.

"ಮಗಳು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ರೋಗಿ ಬಾಗಿಲಲ್ಲಿ ನಿಂತಿದ್ದ. ಅವಳು ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಹೊರಗೆ ಬಂದಾಗ ಅಳು ಬರಬಹುದು ಎಂದುಕೊಂಡಳು. ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಸಾಲಿತ್ತು, ನಿಂತಳು.

ಎರಡನೆಯ ತಿಂಗಳಿಗೆ ಅಪ್ಪ ವಾರ್ಡು ಸೇರಿದ. ಒಂದು ಮಧ್ಯಾಹ್ನ ಪಾಸ್ಟರ್ ಬಂದರು. ಮಂಡಿ ನೋವಿನ ಮನುಷ್ಯ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅಮ್ಮ ಕರೆಸಿದ್ದ ಫಾದರೂ ಅದೇ ಹೊತ್ತಿಗೆ ಬಂದರು. ಇರುವುದು ಒಂದೇ ಸ್ಟೂಲು. ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ ಎಂದು ಇಬ್ಬರೂ ಒತ್ತಾಯಿಸಿ ಕೊನೆಗೆ ಇಬ್ಬರೂ ನಿಂತರು.

ಅಪ್ಪನ ಕೈ ನಿಧಾನವಾಗಿ ಎದ್ದಿತು. ಅವಳು ಅದನ್ನು ನೋಡುತ್ತ, ನಿಯಮದಂತೆ, ಜೋರಾಗಿ ಹೇಳಿದಳು:

"ನಾನೊಂದು ಸುಳ್ಳು ಹೇಳಿದ್ದೆ. ಅಂಟಿನ ಡಬ್ಬಿ ಇಟ್ಟೋನು ನಾನು. ಇನ್ನೊಬ್ಬನ ಮೇಲೆ ಹಾಕಿದೆ. ಅವನ ಕೆಲಸ ಹೋಯ್ತು. ಮೂವತ್ತೆರಡು ವರ್ಷ ಆಯ್ತು. ಅದು ಮುಗಿದಿದ್ಯಾ, ಇನ್ನೂ ಇದ್ಯಾ?"

ಫಾದರ್ ಅಪ್ಪನನ್ನು ನೋಡುವ ಬದಲು ಅವಳನ್ನು ನೋಡಿದರು. ಅಂದು ಸುಳ್ಳು ಹೇಳಿದ ಧ್ವನಿಯೂ ಅವಳದೇ, ಇಂದು ಅದನ್ನು ಒಪ್ಪಿಕೊಂಡ ಧ್ವನಿಯೂ ಅವಳದೇ. ಅವಳು ಕಾಯುತ್ತ ನಿಂತಳು.

ಪಾಸ್ಟರ್ ಮೊದಲು ಮಾತಾಡಿದರು. "ಮುಗಿದಿದೆ ಅಂತ ಹೇಳಮ್ಮ. ಅವರು ಏನೋ ಸರಿಮಾಡಿದ್ರು ಅಂತ ಮುಗಿದಿದ್ದಲ್ಲ. ಶಿಲುಬೆ ಮೇಲೆ ಮುಗಿಸಿದವರು ಬೇರೆ. ನಂಬಿದವನನ್ನ ದೇವರು ಇವತ್ತೇ, ಈ ಹಾಸಿಗೆ ಮೇಲೇ ನೀತಿವಂತ ಅಂತಾನೆ. ಒಳ್ಳೆ ಕೆಲಸ ಆಮೇಲೆ ತಾನಾಗೇ ಬರುತ್ತೆ, ಬೇಡ ಅಂದೋರು ಯಾರು? ಮರ ಬದುಕಿದ್ರೆ ಹಣ್ಣು ಬರುತ್ತೆ. ಸತ್ತ ಮರಕ್ಕೆ ಹಣ್ಣು ತಂದು ಕಟ್ಟಿದ್ರೆ ಮರ ಬದುಕಲ್ಲ."

ಅವಳು ಹೆಗಲ ಮೇಲೆ ಕೋಟು ಎಳೆದಳು.

"ಮೊದಲು ಬರೋದು ಕೃಪೆನೇ, ನಾವೂ ಅದನ್ನೇ ಹೇಳೋದು," ಎಂದರು ಫಾದರ್. "ದುಡಿದು ಗಳಿಸೋಕೆ ಆಗಲ್ಲ. ಆದ್ರೆ ದೇವರು ಬರೀ ಹೆಸರು ಬದಲಾಯಿಸಲ್ಲ, ಮನುಷ್ಯನ್ನೇ ಬದಲಾಯಿಸ್ತಾರೆ. ಮೂವತ್ತೆರಡು ವರ್ಷ ಆದ್ಮೇಲೂ ಇವರಿಗೆ ಚುಚ್ತಿದೆಯಲ್ಲ, ಆ ಕೆಲಸ ಒಳಗೆ ನಡೀತಿದೆ ಅಂತ ಅರ್ಥ. ಆ ಮನುಷ್ಯನಿಗೆ ಒಂದು ಮಾತು ಹೇಳೋ ಹಾಗಿದ್ರೆ ಹೇಳಬೇಕು. ಆಗದಿದ್ರೆ, ಹೇಳಬೇಕು ಅನ್ನೋ ಮನಸ್ಸನ್ನೇ ದೇವರು ತಗೋತಾರೆ."

ಅವಳು ಪಾತ್ರೆ ತಿಕ್ಕಿದಳು.

ಅಪ್ಪ ಇಬ್ಬರನ್ನೂ ನೋಡಿ ಕೇಳಿದ. ಅವಳು ಹೇಳಿದಳು: "ನನಗೆ ಈಗ ಏನೂ ಅನ್ನಿಸ್ತಿಲ್ಲ. ನಂಬಿಕೆ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ಒಳಗೆ ಖಾಲಿ. ಹಾಗಾದ್ರೆ?"

"ಅನ್ನಿಸೋದಲ್ಲ ನಂಬಿಕೆ," ಎಂದರು ಪಾಸ್ಟರ್. "ಇವರ ಹಿಡಿತ ಸಡಿಲ ಆಗ್ಬಹುದು, ಹಿಡ್ಕೊಂಡಿರೋ ಕೈ ಆತನದು."

"ಅದಕ್ಕೆ ನಾನು ಒಂದಕ್ಷರನೂ ಸೇರಿಸಲ್ಲ," ಎಂದರು ಫಾದರ್. ಎರಡೂ ಕಡೆಯ ಹಿರಿಯರು ಈ ವಿಷಯದಲ್ಲಿ ಕೂತು ಒಂದು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ ಎಷ್ಟೋ ವರ್ಷವಾಯಿತು, ಇನ್ನೂ ಕೆಲವು ಗಂಟು ಬಿಚ್ಚುವುದಿದೆ ಎಂದೂ ಹೇಳಿದರು.

"ಇಬ್ರೂ ಒಂದೇ ಹೇಳ್ತಿದಾರೆ," ಎಂದು ಅವಳು ಅಪ್ಪನಿಗೆ ಸನ್ನೆ ಮಾಡಿದಳು.

"ಹಾಗಿದ್ರೆ ಒಬ್ಬರಿಗೆ ಇನ್ನೊಬ್ಬರ ಮಾತು ಕೇಳಿಸಿಲ್ಲ," ಎಂದ ಅಪ್ಪ. ಪಾಸ್ಟರ್ ನಕ್ಕರು, ಫಾದರೂ ನಕ್ಕರು. ಅವಳು ನಕ್ಕಳೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಅಂಟಿನ ಮಾಮನ ಹತ್ತಿರ ಹೋಗು ಎಂದು ಯಾರೂ ಹೇಳಲಿಲ್ಲ. ಮೂರನೆಯ ದಿನ ಕೋರ್ಟಿನ ಕೆಲಸ ಬೇಗ ಮುಗಿಯಿತು, ಕಾಲು ರೈಲು ನಿಲ್ದಾಣದ ಕಡೆ ಹೋಯಿತು. ಅಂಟಿನ ಮಾಮ ಅಲ್ಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಕೊಡುತ್ತಾನೆಂದು ಅವಳಿಗೆ ಮೊದಲಿಂದ ಗೊತ್ತಿತ್ತು. ಅದಕ್ಕೇ ಅವಳು ಯಾವತ್ತೂ ನಿಲ್ದಾಣದ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಳು.

ತಗಡಿನ ಗೂಡಿನೊಳಗೆ ಕೂತಿದ್ದ. ತಲೆ ಪೂರಾ ಬೋಳು. ಅವಳು ಯಾರ ಮಗಳೆಂದು ಹೇಳಿದಳು. ಡಬ್ಬಿಯ ವಿಷಯ ಹೇಳಿದಳು.

"ಗೊತ್ತು," ಎಂದ. "ನಾನಿಟ್ಟಿಲ್ಲ ಅಂದ್ಮೇಲೆ ಇನ್ಯಾರು ಇಟ್ಟಿರ್ತಾರೆ? ಲೆಕ್ಕ ಹಾಕೋಕೆ ಪಂಡಿತನೇ ಆಗ್ಬೇಕಾ?"

"ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಇನ್ನು ಹೆಚ್ಚು ದಿನ ಇಲ್ಲ."

"ಹ್ಞೂ." ಒಬ್ಬ ಬಂದು ಸೈಕಲ್ ಬಿಟ್ಟ, ಮಾಮ ಅವನಿಗೆ ಚೀಟಿ ಹರಿದು ಕೊಟ್ಟ. ಆಮೇಲೆ ಹೇಳಿದ, "ನಿಮ್ಮಪ್ಪ ನಮ್ಮನೆಗೆ ಬಂದಿದ್ದ, ಗೊತ್ತಾ? ಒಂದಲ್ಲ, ಮೂರು ಸಲ. ನನ್ನ ದೊಡ್ಡ ಮಗಳ ಮದುವೆ ವರ್ಷ. ಬಾಗಿಲಲ್ಲಿ ನಿಂತು ಕೈ ಆಡಿಸಿದ್ದೇ ಆಡಿಸಿದ್ದು. ನಂಗೇನು ತಿಳಿಬೇಕು ಮಣ್ಣು? ಜಗಳಕ್ಕೆ ಬಂದಿದಾನೆ ಅಂದ್ಕೊಂಡೆ. ಮೂರನೇ ಸಲ ಮುಖದ ಮೇಲೇ ಬಾಗಿಲು ಹಾಕಿದೆ. ಮಗಳನ್ನ ಕರ್ಕೊಂಡು ಬರೋಕೆ ಏನಾಗಿತ್ತು ಅವನಿಗೆ? ನೀನು ಬಂದಿದ್ರೆ ಹೇಳ್ತಿದ್ದೆ."

"ಕೈ ಹೇಗೆ ಆಡಿಸಿದರು, ಮಾಮ?"

"ಅಯ್ಯೋ, ಅದನ್ನೇನು ಮರೀತೀನಾ? ಮೂರು ಸಲವೂ ಅದೇ." ಅವನು ಚೀಟಿ ಪುಸ್ತಕ ಕೆಳಗಿಟ್ಟ. ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದ. ಎರಡು ಕೈಯನ್ನೂ ಅಡ್ಡಡ್ಡ ಬೀಸಿ ಅಳಿಸಿದಂತೆ ಮಾಡಿದ. ತುಟಿಯ ಹತ್ತಿರ ಬೆರಳು ತಂದು ಅಡ್ಡ ಎಳೆದ. ಆಮೇಲೆ ಮುಷ್ಟಿಯಿಂದ ಎದೆಗೆ ಬಡಿದುಕೊಂಡ, ಎರಡು ಸಲ. ಒರಟು ಸನ್ನೆ, ಅಕ್ಷರ ಕಲಿಯದವನು ಗೀಚಿದ ಹಾಗೆ. ಆದರೂ ಓದಲು ಬರುತ್ತಿತ್ತು.

ಅವಳ ಬಾಯಿ ಅಭ್ಯಾಸಬಲದಿಂದ ಹೇಳಿತು, "ಮಗುದು ತಪ್ಪಿಲ್ಲ. ಸುಳ್ಳು ನಂದು."

"ಏನು?"

"ಅಪ್ಪ ಹೇಳಿದ್ದು ಅದು. ಮಗುದು ತಪ್ಪಿಲ್ಲ, ಸುಳ್ಳು ನಂದು, ನಂದು ಅಂತ."

"ಹೌದಾ," ಎಂದ ಅಂಟಿನ ಮಾಮ. ಚೀಟಿ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡ. "ಇಷ್ಟೇನಾ?"

"ಇಷ್ಟೇ."

"ಮುಗೀತು ಅಂತ ಹೇಳ್ಬಿಡು. ನಾನು ಬರೋದಿಲ್ಲಮ್ಮ, ಆಸ್ಪತ್ರೆ ವಾಸನೆ ನಂಗಾಗಲ್ಲ. ಹೋಗು, ಮುಗೀತು ಅನ್ನು."

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗುದು ತಪ್ಪಿಲ್ಲ ಎಂಬ ಮಾತು ಮಂಡಿಯ ಮೇಲೆ ಇಟ್ಟುಕೊಂಡ ಪೊಟ್ಟಣದಂತೆ ಇತ್ತು. ಬಿಚ್ಚಬೇಕು ಅನ್ನಿಸಲಿಲ್ಲ.

ವಾರ್ಡಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡದೆ. ಅಪ್ಪ ಕೇಳಿದ, "ಮುಗೀತು ಅನ್ನೋವಾಗ ಅವನ ಮುಖ ಏನು ಹೇಳ್ತು?"

ಹಿತವಾದದ್ದು ಒಂದನ್ನು ಹೇಳಬಹುದಿತ್ತು. "ಏನೂ ಹೇಳ್ಲಿಲ್ಲ," ಎಂದಳು.

"ಅರ್ಧ ವಾಕ್ಯ," ಎಂದ ಅಪ್ಪ. ಆಮೇಲೆ ಹಳದಿ ಬೆರಳನ್ನು ಎತ್ತಿ ಅವಳ ಕೆನ್ನೆ ಮುಟ್ಟಿದ. "ನಿಂದೂ ಅಷ್ಟೇ. ಬಹಳ ವರ್ಷದಿಂದ ಬರೀ ಕೈ, ಮುಖ ಇಲ್ಲ. ನಾನು ನೋಡ್ತಾ ಇದೀನಿ. ಅದೂ ನಂದೇ."

ಇಲ್ಲ ಎಂದು ಅವಳು ತಲೆಯಾಡಿಸಿದಳು. ಹೌದು ಎಂದು ಅಪ್ಪ ತಲೆಯಾಡಿಸಿದ. ಅಷ್ಟರಲ್ಲಿ ನರ್ಸಮ್ಮ ಬಂದು ಡ್ರಿಪ್ಪು ಬದಲಿಸಿದಳು.

ಒಂಬತ್ತು ದಿನದ ಮೇಲೆ, ಮಧ್ಯಾಹ್ನ ಊಟದ ತಟ್ಟೆಗಳನ್ನು ಎತ್ತುವ ಹೊತ್ತಿಗೆ, ಅಪ್ಪ ತೀರಿಕೊಂಡ. ಪಾಸ್ಟರ್ ಮಣ್ಣು ಮಾಡಿದರು, ಫಾದರ್ ಒಂದು ಪ್ರಾರ್ಥನೆ ಹೇಳಿದರು. ಅಮ್ಮನಿಗಾಗಿ ಎರಡನ್ನೂ ಅವಳೇ ಕೈಗಿಳಿಸಿದಳು. ಸಮಾಧಿಯ ಅಂಚಿನಲ್ಲಿ ನಿಲ್ಲಲು ಜಾಗ ಕಡಿಮೆ ಇತ್ತು, ಕಾಲು ಜಾರದಂತೆ ನೋಡಿಕೊಳ್ಳಬೇಕಾಯಿತು. "ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು, ಕಲ್ಲು," ಎಂದು ಅತ್ತೆ, ಅಪ್ಪನ ತಂಗಿ, ಪಕ್ಕದವರಿಗೆ ಹೇಳಿದ್ದು ಅವಳಿಗೆ ಕೇಳಿಸಿತು. ಅದನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ.

ಸೋಮವಾರ ಕೆಲಸಕ್ಕೆ ಹೋದಳು. ಭಾನುವಾರ ಬಂದಾಗ ಏಳು ಗಂಟೆಯ ಪೂಜೆಗೆ ಎಂದಿನಂತೆ ಮುಂದೆ ಹೋಗಿ ನಿಲ್ಲಲು ಹೊರಟಳು. ಅಮ್ಮ ಸೆರಗು ಹಿಡಿದು ಎಳೆದು ಬೆಂಚಿನ ಮೇಲೆ ಕೂರಿಸಿದಳು.

"ನಿಂಗೆ ಯಾರು ಹೇಳ್ತಾರೆ?" ಎಂದು ಅವಳು ಕೇಳಿದಳು.

"ಅರವತ್ತೆಂಟು ವರ್ಷದಿಂದ ಕೇಳಿಸಿಲ್ಲ, ಇವತ್ತೊಂದಿನ ಕೇಳಿಸದಿದ್ರೆ ಏನೂ ಮುಳುಗಿಹೋಗಲ್ಲ," ಎಂದಿತು ಅಮ್ಮನ ಕೈ. "ಸುಮ್ನೆ ಕೂತ್ಕೋ."

ಕೂತಳು. ಕೈಗೆ ಕೆಲಸವಿಲ್ಲದ್ದರಿಂದ ಅವನ್ನು ಎಲ್ಲಿಡಬೇಕೋ ತಿಳಿಯದೆ ಮೊದಲು ಮಡಿಲಲ್ಲಿಟ್ಟಳು, ಆಮೇಲೆ ಬೆಂಚಿನ ಮೇಲೆ. ಫಾದರ್ ಮಾತಾಡುತ್ತಿದ್ದರು; ಮಾತು ಬಂದು ಕಿವಿಯಲ್ಲಿ ನಿಲ್ಲುತ್ತಿತ್ತು, ಮುಂದೆ ಹೋಗಲು ದಾರಿಯಿರಲಿಲ್ಲ. ದುಃಖವೆನಿಸಲಿಲ್ಲ, ನೆಮ್ಮದಿಯೆನಿಸಲಿಲ್ಲ. ಬೆಂಚು ಗಟ್ಟಿಯಾಗಿತ್ತು. ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿದ್ದಳು, ನಿದ್ದೆಯೋ ಪ್ರಾರ್ಥನೆಯೋ ಹೇಳುವಂತಿರಲಿಲ್ಲ. ಎಲ್ಲರೂ ಎದ್ದಾಗ ಅಮ್ಮನನ್ನು ತಟ್ಟಿ ಎಬ್ಬಿಸಿ ಇವಳೂ ಎದ್ದಳು. ಮುಂದಿನ ಭಾನುವಾರವೂ ಹಾಗೇ ಹೋಗಿ ಕೂತರು.